ಹಲಗೆ ಮುಳುಗಿದ ದಿನ

ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಬಾವಿಯೊಳಗಿನ ಇಂಜಿನ್ನಿನ ಸದ್ದು ಬದಲಾಯಿತು. ಬಿ.ಎಸ್ಸಿ. ಪಾಸಾದದ್ದಕ್ಕೆ ಕಾಕಾ ಕೊಡಿಸಿದ ಕೈಗಡಿಯಾರ ಹೊಸದಾಗಿತ್ತು. ಆಗ ನಾನು ಯಾರೂ ಕೇಳದಿದ್ದರೂ ವೇಳೆ ನೋಡುತ್ತಿದ್ದೆ, ಆದ್ದರಿಂದ ಅದು ತಪ್ಪಿರಲಿಕ್ಕಿಲ್ಲ.

ಇದು ಮತ್ತೆ ನೆನಪಾದದ್ದು ನಿನ್ನೆ. ಸೋಲಾಪುರದ ನಮ್ಮ ಮನೆಯ ಕೆಳಗೆ ಚಾದರದ ಅಂಗಡಿಯಿದೆ. ಕರೆಂಟು ಹೋದಾಗ ಶೇಟ್‌ಜಿ ಅಂಗಡಿಯೊಳಗೇ ಜನರೇಟರ್ ಹಚ್ಚಿದರು. ಡೀಸೆಲ್ ಹೊಗೆಯ ವಾಸನೆ ಮೆಟ್ಟಿಲೇರಿ ಬಂತು. ನಾನು ಊಟದ ತಾಟು ಬಿಟ್ಟು ಎಂಜಲುಗೈಯಲ್ಲೇ ಕೆಳಗೆ ಓಡಿದೆ. ನೀವು ನೋಡಿದ್ದರೆ ನಗುತ್ತಿದ್ದಿರಿ. ಶೇಟ್‌ಜಿಯೂ ನಕ್ಕರು.

ಎಪ್ಪತ್ತರ ದಶಕ, ದೊಡ್ಡ ಬರ ಮುಗಿದ ಮೇಲಿನ ವರ್ಷಗಳು. ವಾಗದರಿಯಲ್ಲಿ ಕಾಕಾನ ಹೊಲದಲ್ಲಿ ಕಬ್ಬು ನಿಂತಿತ್ತು. ಸುತ್ತೆಲ್ಲ ಬಿಳಿಜೋಳದ ಬಯಲು, ನಡುವೆ ನಮ್ಮದೊಂದೇ ಹಸಿರು ಚೌಕ. ಅದರ ತಗ್ಗಿನ ಮೂಲೆಯಲ್ಲಿ ನೀರು ಹೆಚ್ಚಾಗಿ ಸವಳು ಎದ್ದು ನೆಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿತ್ತು. ಕಾಕಾ ಆ ಮೂಲೆಯ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಮೇಲಿಟ್ಟ ಇಂಜಿನ್ ಬಹಳ ಆಳದ ನೀರನ್ನು ಎಳೆಯಲಾರದು. ಹೀಗಾಗಿ ನೀರು ಇಳಿದಂತೆ ನಮ್ಮ ಕಡೆಯವರು ಇಂಜಿನ್ನನ್ನೇ ಬಾವಿಯೊಳಗೆ ಇಳಿಸುತ್ತಿದ್ದರು. ಗೋಡೆಗೆ ತೊಲೆ ಸಿಕ್ಕಿಸಿ, ಹಲಗೆ ಹಾಸಿ, ಅದರ ಮೇಲೆ ಇಂಜಿನ್. ಮರುವರ್ಷ ಇನ್ನೂ ಕೆಳಗೆ. ನೀರು ಓಡಿಹೋಗುವ ಕಳ್ಳ, ನಾವು ಬೆನ್ನು ಹತ್ತಿದ ಪೊಲೀಸರು. ಹೊಗೆ ಎಲ್ಲಿ ಹೋಗಬೇಕೆಂದು ಯಾರೂ ಕೇಳಲಿಲ್ಲ. ಇಳಿಯುವ ಮುಂಚೆ ಹಗ್ಗದಲ್ಲಿ ಕಂದೀಲು ಬಿಡುವುದೊಂದು ರೂಢಿಯಿತ್ತು. ದೀಪ ಆರದಿದ್ದರೆ ಇಳಿಯಬಹುದು.

ಅಂದು ಕಂದೀಲು ಚೆನ್ನಾಗಿಯೇ ಉರಿಯಿತು. ಸದ್ದು ಯಾಕೆ ಬದಲಾಯಿತೆಂದು ನೋಡಲು ಕಾಕಾ ಇಳಿದರು. ಆ ಹೊಗೆಯ ವಿಷಕ್ಕೆ ದೀಪ ಆರುವುದಿಲ್ಲ, ಮನುಷ್ಯ ಆರುತ್ತಾನೆ. ಕೂಗಿದೆ. ಕಾಕಾ ಓ ಅನ್ನಲಿಲ್ಲ. ಬಗ್ಗಿ ನೋಡಿದರೆ ಹಲಗೆಯ ಮೇಲೆ ಇಂಜಿನ್ನಿಗೆ ಒರಗಿ ಕೂತಿದ್ದರು, ನಿದ್ದೆ ಬಂದವರ ಹಾಗೆ.

ನಾನು ಮೆಟ್ಟಿಲಿಗೆ ಕಾಲಿಟ್ಟೆ. ಕಾಕಿ ನನ್ನ ಅಂಗಿ ಹಿಡಿದು ಜಗ್ಗಿದಳು.

“ಹಗ್ಗ ಇಲ್ಲದ ಎಲ್ಲಿ ಹೊಂಟಿ? ಇಬ್ಬರನ್ನ ಯಾರ ತಗೀಬೇಕು?”

ಬಾವಿಯ ದಂಡೆಯ ಮೇಲೆ ಮೋಟ ಹೊಡೆಯುವ ಕಾಲದ ಗಾಲಿ ಹಾಗೇ ಇತ್ತು. ಮೋಟ ಅಂದರೆ ನೀರೆತ್ತುವ ದೊಡ್ಡ ಚರ್ಮದ ಚೀಲ, ಎತ್ತು ಎಳೆಯುವಂಥದ್ದು. ಆ ಕೆಲಸ ಮಾಡಿ ಮುದಿಯಾದ ನಮ್ಮ ಎತ್ತು ಸರ್ಜ್ಯಾ ಬೇವಿನ ಗಿಡದ ಕೆಳಗೆ ಮೆಲುಕು ಹಾಕುತ್ತಿತ್ತು. ಇಂಜಿನ್ ಬಂದಾಗ ಅದನ್ನು ಬಜಾರಕ್ಕೆ ಹೊಡೆಯೋಣವೆಂದು ಕಾಕಾ ಹೇಳಿದ್ದರು, ಕಾಕಿ ಬಿಟ್ಟಿರಲಿಲ್ಲ. ಈಗ ಗಾಲಿಯ ಮೇಲೆ ಹಾಯಿಸಿದ ಹಗ್ಗದ ಒಂದು ತುದಿ ಅದರ ನೊಗಕ್ಕೆ, ಇನ್ನೊಂದು ನನ್ನ ಸೊಂಟಕ್ಕೆ.

ಉಸಿರು ಬಿಗಿಹಿಡಿದು ಇಳಿದೆ, ಇಂಜಿನ್ ಬಂದ್ ಮಾಡಿದೆ, ಹಗ್ಗವನ್ನು ಇಬ್ಬರಿಗೂ ಸುತ್ತಿದೆ. ಗಂಟು ಹಾಕುವಾಗ ಬೆರಳುಗಳು ಬೇರೆ ಯಾರವೋ ಅನ್ನಿಸಿದವು. ಆ ಗಂಟನ್ನು ಇಂದಿಗೂ ಕನಸಿನಲ್ಲಿ ಹಾಕುತ್ತಿರುತ್ತೇನೆ, ಅದು ಬಿಗಿಯುವುದೇ ಇಲ್ಲ. ಸರ್ಜ್ಯಾ ಮಾತ್ರ ಏನನ್ನೂ ಮರೆತಿರಲಿಲ್ಲ. ಕಾಕಿ ಬೆನ್ನು ಚಪ್ಪರಿಸಿದೊಡನೆ ಹಳೇ ಇಳಿಜಾರಿನಲ್ಲಿ ತಲೆ ತಗ್ಗಿಸಿ ನಡೆಯಿತು. ಗಾಲಿ ಕಿರುಗುಟ್ಟಿತು. ನಾವಿಬ್ಬರೂ ಒಂದು ಮೋಟ ನೀರಿನಂತೆ ಮೇಲೆ ಬಂದೆವು.

ಕಾಕಾ ಬದುಕಿದರು. ಆಮೇಲೇ ನಮ್ಮ ನಿದ್ದೆ ಹೋಯಿತು. ಅವರು ರಾತ್ರಿ ಎದ್ದು ಹೊಸ್ತಿಲಲ್ಲಿ ಕೂಡುತ್ತಿದ್ದರು, ನಾನು ಎದುರಿನ ಕಟ್ಟೆಯ ಮೇಲೆ. ಮೈಗೆ ಬಲ ಬಂದೊಡನೆ ಅವರು ಆಡಿದ ಮೊದಲ ಮಾತೇ, “ಇಂಜಿನ್ ಇನ್ನೊಂದೀಟ ಕೆಳಗ ಇಳಸ್ಬೇಕು.”

ಕಾಕಿ ಜಗಳವಾಡಲಿಲ್ಲ. ಎಳ್ಳಮಾಸಿ ಬಂತು. ಅಂದು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಅಡುಗೆಯ ಚರಗ ಚೆಲ್ಲುತ್ತಾರೆ. ಕಾಕಿ ಜೋಳದ ಹೊಲ ದಾಟಿ, ಕಬ್ಬು ದಾಟಿ, ಸವಳಿನ ಬರಿ ನೆಲಕ್ಕೆ ಚರಗ ಚೆಲ್ಲಿದಳು.

“ಏನ ಹುಚ್ಚ ಹಿಡದದೇನು? ಬೆಳಿ ಇಲ್ಲದಲ್ಲಿ ಯಾರ ಚರಗ ಚೆಲ್ಲತಾರ?” ಅಂದರು ಕಾಕಾ.

“ಸರ್ಜ್ಯಾ ದುಡೀತಿದ್ದಿಲ್ಲ. ಕುಂತಲ್ಲೇ ಮೇವ ಹಾಕೀವಿ. ಅದಕ್ಕs ನೀವು ಇಲ್ಲಿ ನಿಂತ ನನಗ ಬೈಲಾಕತ್ತೀರಿ,” ಅಂದಳು ಕಾಕಿ. “ಈ ಹೊಲಾನೂ ದುಡದದ. ಬಾವೀನೂ ದುಡದದ. ಇನ್ನ ಕೊರಳಿನ ನೊಗಾ ಬಿಚ್ಚರಿ.”

ಕಾಕಾ ಬಹಳ ಹೊತ್ತು ಸವಳನ್ನು ನೋಡಿದರು. ಬಹುಶಃ ಅದೇ ಮೊದಲ ಸಲ. ಆಮೇಲೆ ಬಗ್ಗಿ, ತಮ್ಮ ತಾಟಿನ ಭಜ್ಜಿಪಲ್ಯದಲ್ಲಿ ಅರ್ಧ ಅಲ್ಲೇ ಚೆಲ್ಲಿದರು.

ಆ ಕಬ್ಬು ಕಡಿದ ಮೇಲೆ ಮತ್ತೆ ನಾಟಿ ಮಾಡಲಿಲ್ಲ. ಇಂಜಿನ್ ಮೇಲೆತ್ತಿ, ಬೇರು ಕಿತ್ತು, ಬದು ಕಟ್ಟಿ, ಹುಲ್ಲಿಗೆ ಬಿಟ್ಟೆವು. ಮೈಂದರ್ಗಿಯ ಬಸ್ಸಿನಲ್ಲಿ ಒಬ್ಬರು ಕೆಣಕಿದರು: “ಏನ್ರಿ ಕಾಕಾ, ನೀರಿನ ಬಾಗಾಯತ ಜಮೀನ ಬಿತ್ತದ ಪಡ ಬಿಟ್ಟೀರಂತ?”

“ಪಡ ಅಲ್ಲೋ, ರಿಟಾಯರ್ ಆಗ್ಯದ,” ಅಂದರು ಕಾಕಾ. “ಪೆನ್ಶನ್ ನಾನs ಕೊಡ್ತೀನಿ.”

ಮುಂದೆ ಆ ಹೊಲದಲ್ಲಿ ಬಾರಿಹಣ್ಣಿನ ಕಂಟಿ ಎದ್ದಿತು, ಜಾಲಿ ಎದ್ದಿತು, ಸವಳಿನ ಅಂಚಿನಿಂದ ಹುಲ್ಲು ಒಳಗೆ ನಡೆಯಿತು. ಗೌಜಲಕ್ಕಿಗಳು ಬಂದವು. ಹಾಗೆ ಮಾಡಿದ್ದು ಸರಿಯೋ ಎಂದು ನಾನು ಒಂದು ದಿನವೂ ಅನುಮಾನಪಟ್ಟಿಲ್ಲ. ಹೆದರಿಕೆಯೇ ಬೇರೆ, ಅನುಮಾನವೇ ಬೇರೆ.

ನಿನ್ನೆ ಶೇಟ್‌ಜಿಗೆ ಬಾವಿಯ ಕಥೆಯನ್ನೆಲ್ಲ ಹೇಳಿದೆ. ಅವರು ನಗು ನಿಲ್ಲಿಸಿ, ತಾವೇ ಕೈಹಚ್ಚಿ ಜನರೇಟರನ್ನು ಹಿತ್ತಲಿಗೆ ಸಾಗಿಸಿದರು. ಮೇಲೆ ಬಂದು ಕೈ ತೊಳೆದು ಮಲಗಿದೆ. ಅದು ಹಿತ್ತಲಲ್ಲಿ ಗುಡುಗುತ್ತಲೇ ಇತ್ತು. ಈ ಸಲ ಗಂಟಿನ ಬದಲು ಇನ್ನೊಂದು ನೆನಪಾಯಿತು.

ಹೊಲ ಬಿಟ್ಟ ವರ್ಷದ ಮಳೆಗಾಲ. ಕಾಕಿ ಬಾವಿಗೆ ಹೋಗಿ ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ಹಲಗಿ ಕಾಣವಲ್ದು” ಅಂದಳು. ಕಾಕಾನೂ ನಾನೂ ಹೋಗಿ ನೋಡಿದೆವು. ಅವರು ಒರಗಿ ಕೂತಿದ್ದ ಜಾಗದ ಮೇಲೆ ನೀರು ತಣ್ಣಗೆ ನಿಂತಿತ್ತು. ಅಂದು ರಾತ್ರಿ ಹೊಸ್ತಿಲೂ ಕಟ್ಟೆಯೂ ಖಾಲಿ. ಬೆಳಿಗ್ಗೆ ನಮ್ಮನ್ನು ಎಬ್ಬಿಸಿದ್ದು ಬಿಸಿಲು, ಮತ್ತು ಮೇವು ತಡವಾದುದಕ್ಕೆ ಅಂಗಳದಲ್ಲಿ ಕೂಗುತ್ತಿದ್ದ ಸರ್ಜ್ಯಾ.