ಡಿ ಡ್ರೈವ್‌ನಲ್ಲಿದ್ದ ಹನ್ನೊಂದು ಗಾಡಿ

ನಾನು ನಿಂತಿದ್ದದ್ದು ವೇಬ್ರಿಜ್ಜಿನ ಕೋಣೆಯ ಒಳಗೆ, ಕಂಪ್ಯೂಟರ್ ರಿಪೇರಿಯವನ ಬಲಭುಜದ ಹಿಂದೆ, ಪರದೆಯಿಂದ ಎರಡು ಮೊಳ ದೂರದಲ್ಲಿ. ಹಿರೇಕೆರೂರಿನಿಂದ ಚಿಕ್ಕೇರೂರಿನ ಕಡೆ ಹೋಗುವ ರಸ್ತೆಯ ಎಡಗಡೆಗಿರುವ ವೇಬ್ರಿಜ್ ಅದು. ಹೋದ ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಗೋಡೆಯ ಗಡಿಯಾರ ಬೆಳಗಿನ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಅದು ಐದು ನಿಮಿಷ ಮುಂದೆ ಓಡುತ್ತಿತ್ತು, ಆದ್ದರಿಂದ ಹನ್ನೊಂದೂ ಕಾಲು ಎನ್ನುವುದು ಸರಿ. ಅದೇ ಮಧ್ಯಾಹ್ನ ಜನ ಕೇಳಿದಾಗ, ಆ ಹೊತ್ತಿನಲ್ಲಿ ನಾನು ಹೊರಗೆ ಚಹಾ ಕುಡಿಯುತ್ತಿದ್ದೆ ಎಂದು ಹೇಳಿದೆ. ಅದು ಸುಳ್ಳು.

ವೇಬ್ರಿಜ್ಜಿನ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ಮೊದಲು ತೂಕದ ಹಲಗೆಯ ಮೇಲೆ ನಿಲ್ಲುತ್ತದೆ. ಆ ತೂಕ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಗಾಡಿ ವ್ಯಾಪಾರಿಯ ಗೋದಾಮಿಗೆ ಹೋಗಿ, ಮಾಲು ಸುರುವಿ, ಬರಿದಾಗಿ ಮರಳಿ ಬಂದು ಇನ್ನೊಮ್ಮೆ ನಿಲ್ಲುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಮಾಲಿನ ತೂಕ. ಚೀಟಿ ಸಿಗುವುದು ಆಮೇಲೆ, ಒಂದೇ ಒಂದು. ಮೊದಲ ತೂಕಕ್ಕೆ ಚೀಟಿ ಕೊಡುವ ರೂಢಿ ಅಲ್ಲಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದವರು ಸವಣೂರಿನ ಒಬ್ಬ ಸಾಹೇಬರು. "ಸಾಹೇಬ್ರ ತೂಕ ಹಿಡದಾರ ಅಂದ್ರ ಮುಗೀತು" ಎನ್ನುತ್ತಿದ್ದರು ರೈತರು. ಅವರ ಸಂಪಾದನೆ ಎಂದರೆ ಆ ಮಾತು.

ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತನಾದವನು. ಹೊತ್ತು ಹೋಗದಿದ್ದಾಗ ಆ ಕೋಣೆಗೆ ಹೋಗಿ ಕೂರುತ್ತಿದ್ದೆ. ಆ ತಿಂಗಳು ಪ್ರತಿದಿನ ಬೆಳಿಗ್ಗೆ ಪರದೆಯ ಮೇಲೆ ಒಂದು ಸೂಚನೆ ಬರುತ್ತಿತ್ತು: ಈ ಹಳೆಯ ವಿಂಡೋಸ್‌ಗೆ ಇನ್ನು ರಕ್ಷಣೆಯ ಅಪ್‌ಡೇಟ್ ಸಿಗುವುದಿಲ್ಲ, ಹೊಸದಕ್ಕೆ ಹೋಗಿ. ವೇಬ್ರಿಜ್ಜಿನ ಮಾಲೀಕ ಅದನ್ನು ಓದಿ, ಯಾವತ್ತೋ ಒಂದು ದಿನ ಮಷೀನು ತಾನೇ ಬಂದ್ ಆಗುತ್ತದೆ ಎಂದು ತಿಳಿದುಕೊಂಡ. ಸಾಹೇಬರು ನನ್ನನ್ನು ಕೇಳಿದರು. ನಾನು ಪರೀಕ್ಷೆ ಮಾಡಿ ನೋಡಿದೆ. ಹೊಸದು ಇದರಲ್ಲಿ ನಡೆಯುವುದಿಲ್ಲ ಎಂದೇ ಉತ್ತರ ಬಂತು. ಪ್ರೊಸೆಸರ್ ಹಳೆಯದು, ಹೊಸದು ಬೇಡುವ ಭದ್ರತೆಯ ಚಿಪ್ ಅದರಲ್ಲಿ ಇಲ್ಲ.

"ಇದರಾಗ ಹೊಸಾದು ಸರಿ ಓಡೂದಿಲ್ಲ. ಒತ್ತಾಯ ಮಾಡಿ ಹಾಕಬಹುದು," ಎಂದು ಮಾಲೀಕನಿಗೆ ಹೇಳಿದೆ. "ಆದರ ಸುಗ್ಗಿ ಮುಗೀಲಿ. ಅಲ್ಲೀತನಾ ಇಂಟರ್ನೆಟ್ ತಗದಿಟ್ರ ಹಳೇದ ಸಾಕು."

"ಮಾಸ್ತರಕಿ ಮುಗದ್ರೂ ಅಂಜಿಸೂದ ಬಿಟ್ಟಿಲ್ಲ ನೀವು," ಎಂದ ಅವನು. ಮರುದಿನವೇ ಹಾನಗಲ್ಲಿನಿಂದ ರಿಪೇರಿಯವನನ್ನು ಕರೆಸಿದ.

ಬಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೂ ತಲೆ ಅರ್ಧ ನರೆತಿದೆ. "ಶಿಗ್ಗಾಂವ್ಯಾಗ ಇದಕ್ಕಿಂತ ಹಳೇವು ನಾಕಕ್ಕ ಹಾಕೇನ್ರಿ ಸರ್, ಕುದುರಿ ಓಡಿದಂಗ ಓಡಾಕತ್ತಾವ," ಎಂದು ಪೆನ್ ಡ್ರೈವ್ ತೆಗೆದ.

ಸಾಹೇಬರು ಕುರ್ಚಿ ಬಿಟ್ಟು ಏಳಲಿಲ್ಲ. "ಈಗ ಬ್ಯಾಡ್ರಿ. ಹನ್ನೊಂದು ಗಾಡಿ ಮೊದಲನೇ ತೂಕ ಒಳಗ ಅದಾವು. ಗಾಡಿ ಗೋದಾಮಿಗೆ ಹೋಗ್ಯಾವು. ಬರ್ಲಿ, ಚೀಟಿ ಕೊಡ್ತೇನಿ, ಆಮ್ಯಾಲ ಏನರ ಮಾಡ್ರಿ."

"ಅವು ಎಲ್ಲಿ ಅದಾವ್ರಿ? ಸಿ ಒಳಗೋ, ಡಿ ಒಳಗೋ?"

"ಡಿ ಒಳಗ."

"ಮತ್ಯಾಕ ಅಂಜ್ತೀರಿ? ಡಿ ಡ್ರೈವ್ ಅಂದ್ರ ತಿಜೋರಿ ಇದ್ದಂಗ. ನಾ ಮುಟ್ಟೂದ ಸಿ ಅಷ್ಟ. ಕೇಳ್ರಿ ಸರ್‌ನ, ಅವರ ಕಲಿಸ್ಯಾರ ನಮಗ."

ಹೌದು, ನಾನೇ ಕಲಿಸಿದ್ದೆ. ಮುಖ್ಯವಾದದ್ದನ್ನು ಡಿ ಡ್ರೈವ್‌ನಲ್ಲಿ ಇಡಿ, ವಿಂಡೋಸ್ ಕೆಟ್ಟರೂ ಅದು ಉಳಿಯುತ್ತದೆ ಎಂದು ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ನಾನು ತಲೆಯಾಡಿಸಿದೆ.

"ಏಳ್ರಿ ಸಾಹೇಬ್ರ," ಎಂದ ಮಾಲೀಕ. "ಮಷೀನು ನಂದು, ಹಾಕಾಂವ ನಾನು. ನಿಮ್ದೇನ ಗಂಟ ಹೊಕ್ಕೈತಿ ಅದರಾಗ?"

ಆಗ ಕಿಟಕಿಯ ಆಚೆ ನಿಂತಿದ್ದವನು ಚಿಕ್ಕೇರೂರಿನ ಒಬ್ಬ ಟ್ರ್ಯಾಕ್ಟರ್ ಮಾಲೀಕ. ತುಂಬಿದ ಗಾಡಿಯಿಂದ ಇಳಿದು ಬಂದಿದ್ದ. ಈ ಮಾತೆಲ್ಲ ಅವನ ಕಿವಿಗೆ ಬಿತ್ತು, ಅವನು ನಕ್ಕ. ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋಗಿ ಅವನಿಗೆ, ತಡ ಆಗ್ತೈತಿ ಎಂದು ಹೇಳುತ್ತಿದ್ದರು. ಅವರ ಬೆನ್ನು ನಮ್ಮ ಕಡೆ ಇತ್ತು. ಮಾಲೀಕ ಹೊರಗೆ ಮೆಟ್ಟಿಲ ಮೇಲೆ ಫೋನಿನಲ್ಲಿ ಮಾತಾಡುತ್ತಿದ್ದ.

ಪೆನ್ ಡ್ರೈವ್ ಹಾಕಿದ ಮೇಲೆ ಕಂಪ್ಯೂಟರ್ ಹೊಸದಕ್ಕೆ ತಕ್ಕದ್ದೇ ಎಂಬ ಪರೀಕ್ಷೆಯ ಪ್ರಶ್ನೆಗಳು ಬರಲೇ ಇಲ್ಲ. ರಿಪೇರಿಯವನು ಅವನ್ನು ಮೊದಲೇ ತೆಗೆದುಹಾಕಿದ್ದ. ಆದರೆ ಡಿಸ್ಕಿನ ಹಂತಕ್ಕೆ ಬಂದಾಗ ಕಂಪ್ಯೂಟರ್ ನಿಂತಿತು. ಡಿಸ್ಕಿನ ವಿಭಾಗಗಳು ಹಳೆಯ ಪದ್ಧತಿಯವು, ಇದರ ಮೇಲೆ ಹೊಸದು ಕೂರುವುದಿಲ್ಲ ಎಂದಿತು. ಪರದೆಯ ಮೇಲೆ ಮೂರು ಸಾಲುಗಳಿದ್ದವು: ಒಂದು ಸಣ್ಣದು, ಒಂದು ಸಿ, ಒಂದು ಡಿ. ಅವನು ಮೊದಲ ಸಾಲನ್ನು ಆರಿಸಿ ಡಿಲೀಟ್ ಒತ್ತಿದ. ಎರಡನೆಯದನ್ನು ಒತ್ತಿದ. ಕಂಪ್ಯೂಟರ್ ಇನ್ನೂ ಒಪ್ಪಲಿಲ್ಲ. ಇಡೀ ಡಿಸ್ಕ್ ಬರಿದಾಗದೆ ಅದು ಒಪ್ಪುವುದಿಲ್ಲ ಎಂಬುದು ನನಗೆ ಆ ಕ್ಷಣಕ್ಕೆ ತಿಳಿಯಿತು. ಅವನ ಬಾಣದ ಗುರುತು ಮೂರನೆಯ ಸಾಲಿಗೆ ಇಳಿಯಿತು.

ನನ್ನ ಹಿಂದಿನ ಬೆಂಚಿನ ಮೇಲೆ ಒಬ್ಬ ವಯಸ್ಸಾದ ರೈತ ಕೂತಿದ್ದ. ಓದು ಬರದವನು. "ಅದೇನ ಅಳಸಾಕತ್ತಾನ್ರಿ ಮಾಸ್ತರ?" ಎಂದು ಕೇಳಿದ.

"ಹಳೇದು," ಎಂದೆ.

ಇದರಲ್ಲಿರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಪರದೆ ಕೇಳಿತು. ಮೂರು ಸೆಕೆಂಡಾದರೂ ಆ ಪ್ರಶ್ನೆ ಅಲ್ಲೇ ಇತ್ತು. ನಾನು ಬಾಯಿ ತೆರೆಯಲಿಲ್ಲ. ಅವನಿಗೆ ಗೊತ್ತಿದ್ದೇ ಮಾಡುತ್ತಿರಬಹುದು ಎಂದುಕೊಂಡೆನೋ, ಓಡೂದಿಲ್ಲ ಎಂದವನು ಮತ್ತೆ ಅಡ್ಡ ಬಂದ ಎನಿಸಿಕೊಳ್ಳುವುದು ಬೇಡವೆನಿಸಿತೋ, ಎಷ್ಟು ಯೋಚಿಸಿದರೂ ಖಚಿತವಾಗಿ ಹೇಳಲಾರೆ. ಅವನು ಒತ್ತಿದ.

ಮುಕ್ಕಾಲು ತಾಸಿನ ಮೇಲೆ ಹೊಸ ವಿಂಡೋಸ್ ಎದ್ದು ಕೂತಿತು. ನಿಧಾನ, ಆದರೆ ಎದ್ದಿತು. ಹಳೆಯ ಕಂಪ್ಯೂಟರಿನ ಮೇಲೆ ಹೊಸದು ಓಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಓಡುತ್ತದೆ ಎಂದೇ ಹೇಳುತ್ತೇನೆ.

"ಬರೂದಿಲ್ಲ ಅಂದಿದ್ರೆಲ್ಲ ಮಾಸ್ತರ?" ಮಾಲೀಕ ನನ್ನ ಬೆನ್ನಿಗೆ ಹೊಡೆದು ನಕ್ಕ. "ಕಣ್ಣಿಗೆ ಕಾಣ್ತೈತೋ, ಇಲ್ಲೋ?"

ಮೊದಲ ಬರಿಗಾಡಿ ಬಂದು ಹಲಗೆಯ ಮೇಲೆ ನಿಂತಿತು. ಸಾಹೇಬರು ಕುರ್ಚಿಗೆ ಕೂತು, ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಹುಡುಕಿದರು. "ತಮ್ಮಾ, ಡಿ ಎಲ್ಲೈತಿ?" ಎಂದು ಮೆಲ್ಲಗೆ ಕೇಳಿದರು. ರಿಪೇರಿಯವನು ಬಗ್ಗಿ ನೋಡಿದ. ಅವನ ಕುತ್ತಿಗೆ ಬೆವರಿದ್ದು ನನಗೆ ಕಾಣುತ್ತಿತ್ತು. ಬೇರೆ ಪೆನ್ ಡ್ರೈವ್ ತರುತ್ತೇನೆ ಎಂದು ಹೇಳಿ ಬೈಕು ಹತ್ತಿ ಹಾನಗಲ್ಲಿನ ದಾರಿ ಹಿಡಿದವನು ಮರಳಲಿಲ್ಲ.

ಗಾಡಿಗಳು ಒಂದರ ಹಿಂದೆ ಒಂದು ಬಂದು ರಸ್ತೆಯವರೆಗೆ ನಿಂತವು. ಗೋದಾಮಿನಲ್ಲಿ ಎಲ್ಲರ ಕಾಳೂ ಒಂದೇ ರಾಶಿಯಾಗಿತ್ತು. ಸಾಹೇಬರು ಬಾಗಿಲಿಗೆ ಬಂದು ಆದದ್ದನ್ನು ಹೇಳಿದರು. ಆಮೇಲೆ ಕಣ್ಣು ಮುಚ್ಚಿ, ನೆನಪಿನಿಂದ, ಏಳು ಗಾಡಿಗಳ ತೂಕ ಕಿಲೋ ಸಹಿತ ಹೇಳಿದರು. "ಉಳದ ನಾಕು ನೆನಪಿಲ್ರಿ. ಸುಳ್ಳ ಹೇಳಾಕ ಬರೂದಿಲ್ಲ ನನಗ."

"ಏಳು ನೆನಪದಾವು, ನಮ್ಮ ನಾಕ ಅಷ್ಟ ನೆನಪಿಲ್ಲೇನು?" ಎಂದು ಒಬ್ಬ ಕೂಗಿದ.

"ನೆನಪಿಲ್ಲ ಅಲ್ಲೋ, ನುಂಗ್ಯಾನ! ವ್ಯಾಪಾರಿ ಕೂಡ ಮಾತಾಗೇತಿ."

"ಹೇಳಲೇ, ಎಷ್ಟಕ್ಕ ಅಳಿಸಿದಿ?"

ಬೆಳಿಗ್ಗೆ ಸಾಹೇಬ್ರ ಎಂದವರೇ ಹಾಗೆ ಕೂಗಿದ್ದು. ಮಾಲೀಕ ಕೋಣೆಯ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದ. ಈಗ ನಿಜ ಹೇಳುತ್ತಾನೆ ಎಂದುಕೊಂಡೆ. "ನನಗ ಕಂಪ್ಯೂಟರ್ ಏನ ತಿಳೀತೈತ್ರೆಪಾ? ಹಳೇದು ಕೆಟ್ಟೈತಿ, ಹೊಸಾದು ಹಾಕಸ್ರಿ ಅಂತ ಗಂಟ ಬಿದ್ದಾಂವ ಇವನ," ಎಂದು ಸಾಹೇಬರ ಕಡೆ ಬೆರಳು ಮಾಡಿದ.

ಯಾರೋ ಸಾಹೇಬರ ಅಂಗಿಯನ್ನು ಕೊರಳ ಹತ್ತಿರ ಹಿಡಿದು ಎಳೆದ. ಜೇಬು ಹರಿಯಿತು. ಕನ್ನಡಕ ಬಿತ್ತು, ಅದರ ಮೇಲೆ ಕಾಲು ಬಿತ್ತು. ಯಾರ ಕಾಲು ಎಂದು ನಾನು ನೋಡಲಿಲ್ಲ, ಆದ್ದರಿಂದ ಹೇಳುವುದಿಲ್ಲ. ಒಂದು ಏಟು ಬಿದ್ದ ಸಪ್ಪಳ ಕೇಳಿತು. ಸಾಹೇಬರು ನನ್ನ ಕಡೆ ತಿರುಗಿದರು.

"ಮಾಸ್ತರ ಅಲ್ಲೇ ಇದ್ರು. ಅವರನ್ನ ಕೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ಮೂವತ್ತು ಜನ ಇದ್ದಿರಬಹುದು. ಅವರಲ್ಲಿ ಕೆಲವರ ಮಕ್ಕಳು ನನ್ನ ಬಳಿ ಕಲಿತವರು.

"ನಾ ಹೊರಗ ಚಾ ಕುಡ್ಯಾಕತ್ತಿದ್ದೆನ್ರೆಪಾ," ಎಂದೆ.

ಚಹಾ ಮಾರುವ ಹೆಂಗಸು ತನ್ನ ತಗಡಿನ ಡಬ್ಬಿಯಂಗಡಿಯ ಮುಂದೆ ನಿಂತಿದ್ದಳು. ನಾನು ಬೆಳಗಿನಿಂದ ಅವಳ ಹತ್ತಿರ ಹೋಗಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿ, ಒಲೆಯ ಕಡೆ ತಿರುಗಿದಳು.

ನಾಲ್ಕು ಗಾಡಿಗಳಿಗೆ ವ್ಯಾಪಾರಿ ಅಂದಾಜಿನ ತೂಕ ಹಿಡಿದ. ಅದು ಕಡಿಮೆಯಾಯಿತು ಎಂದು ಆ ನಾಲ್ವರೂ ಇವತ್ತಿಗೂ ಹೇಳುತ್ತಾರೆ. ಸಾಹೇಬರನ್ನು ಮಾಲೀಕ ಅವತ್ತೇ ಕೆಲಸದಿಂದ ಬಿಡಿಸಿದ. ಹಿರೇಕೆರೂರಿನ ಮಾರ್ಕೆಟ್ಟಿನಲ್ಲಿ ಅವರಿಗೀಗ 'ನಾಕ ಗಾಡಿ ಸಾಹೇಬ' ಎಂದು ಹೆಸರಾಗಿದೆ. ಆ ಮಾತು ಆಡಿ ನಗುವವರಲ್ಲಿ ಅರ್ಧ ಜನ ಅವರನ್ನು ನೋಡಿಯೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಹಾವೇರಿಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಸಾಹೇಬರು ಅವರ ತಮ್ಮನ ವೀಳ್ಯದೆಲೆ ಅಂಗಡಿಯಲ್ಲಿ ಕೂತಿದ್ದರು. ನೂರು ಎಲೆ ಎಣಿಸಿ ಒಬ್ಬನಿಗೆ ಕೊಟ್ಟರು. ಅವನು ಅಲ್ಲೇ ನಿಂತು ಮತ್ತೊಮ್ಮೆ ಎಣಿಸಿಕೊಂಡ. ಅಲ್ಲಿ ಎಲ್ಲರೂ ಹಾಗೆ ಮಾಡುತ್ತಾರೋ, ಸುದ್ದಿ ಅಲ್ಲಿಗೂ ಮುಟ್ಟಿತ್ತೋ, ನನಗೆ ಗೊತ್ತಿಲ್ಲ.

ನಾನು ಕಂಡದ್ದನ್ನೆಲ್ಲ ಅವರಿಗೆ ಹೇಳಿದೆ. ತಪ್ಪಾಯಿತು ಎಂದೆ. ಅವರು ಎಲೆಗಳ ಮೇಲೆ ನೀರು ಚಿಮುಕಿಸುತ್ತಲೇ ಕೇಳಿದರು.

"ಇದನ್ನ ನನಗ ಯಾಕ ಹೇಳಾಕತ್ತೀರಿ ಮಾಸ್ತರ? ನನಗ ಗೊತ್ತ ಐತಿ. ಗೊತ್ತಿಲ್ಲದಾರು ಅಲ್ಲೆದಾರ. ಅಲ್ಲಿ ಹೋಗಿ ಹೇಳ್ರಿ."

ಕೂತ್ಕೊಳ್ರಿ ಎನ್ನಲಿಲ್ಲ, ಚಹಾ ತರಿಸಲಿಲ್ಲ.

ಆದ್ದರಿಂದ ಇದನ್ನು ಬರೆದಿದ್ದೇನೆ. ನನ್ನ ಮಾತು ಸಾಲದು ಎನ್ನುವವರು ಉಳಿದವರನ್ನು ಕೇಳಬಹುದು. ಹಾಕಿಸಿದ್ದು ಮಾಲೀಕ ಎಂಬುದನ್ನು, ಸಾಹೇಬರು ಬೇಡವೆಂದದ್ದನ್ನು, ಕಿಟಕಿಯ ಆಚೆ ನಿಂತು ಕೇಳಿದವನು ಚಿಕ್ಕೇರೂರಿನ ಟ್ರ್ಯಾಕ್ಟರ್ ಮಾಲೀಕ. ಅವನು ಗಟ್ಟಿಮುಟ್ಟಾಗಿದ್ದಾನೆ, ವಾರಕ್ಕೊಮ್ಮೆ ಸಂತೆಗೆ ಬರುತ್ತಾನೆ. ನಾನು ಚಹಾ ಕುಡಿಯಲು ಬಂದಿರಲಿಲ್ಲ ಎಂದು ಹೇಳಬಲ್ಲವಳು ಚಹಾದ ಅಂಗಡಿಯವಳು. ಅಂಗಡಿ ಅಲ್ಲೇ ಇದೆ. ವೇಬ್ರಿಜ್ಜಿನ ಮಾಲೀಕನೂ ಇದ್ದಾನೆ, ಅದೇ ಮೆಟ್ಟಿಲ ಮೇಲೆ ನಿಲ್ಲುತ್ತಾನೆ. ಬೆಂಚಿನ ಮೇಲಿದ್ದ ಮುದುಕ ಯುಗಾದಿಗೆ ಮುಂಚೆ ತೀರಿಕೊಂಡ. ಮೂರನೆಯ ಸಾಲು ಅಳಿದದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು: ಒಬ್ಬ ಹಾನಗಲ್ಲಿನಲ್ಲಿ ಅಂಗಡಿ ನಡೆಸುತ್ತಿರುವ ನನ್ನ ವಿದ್ಯಾರ್ಥಿ, ಇನ್ನೊಬ್ಬ ನಾನು.