ಎಕ್ಸ್‌ರೇ ಪೆಟ್ಟಿಗೆಯ ಮೇಲಿನ ಆಕಾಶ

ಮಧ್ಯಾಹ್ನದ ಊಟದ ಬಿಡುವು ಮುಗಿದು ದವಾಖಾನೆಯ ಬಾಗಿಲು ತೆರೆಯುವಾಗ ನಮ್ಮ ಡಾಕ್ಟರ ಬಲಗಣ್ಣಿನ ಸುತ್ತ ಕೆಂಪು ಬಳೆ ಮೂಡಿರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಒತ್ತಿ ಒತ್ತಿ ಆದ ಗುರುತು ಅದು. ಪಕ್ಕದ ರಾರಾವಿ ಹಳ್ಳಿಯಿಂದ ಬಂದ ಮುದುಕಿಯರು, "ಯಾರು ಹೊಡದಾರ್ರೀ ಸಾಹೇಬ್ರ?" ಎಂದು ಕೇಳಿದರೆ, "ಚುಕ್ಕಿ ಹೊಡದಾವಬೇ," ಎನ್ನುತ್ತಿದ್ದರು.

ಸಿರುಗುಪ್ಪದಲ್ಲಿ ನಾನು ಅವರ ನರ್ಸು. ಎಂಬತ್ತರ ದಶಕದ ಆರಂಭ. ವೀಕ್ಷಣಾಲಯವೊಂದರಲ್ಲಿದ್ದ ಅವರ ಗೆಳೆಯರೊಬ್ಬರು, ಆಕಾಶವನ್ನು ತುಂಡು ತುಂಡಾಗಿ ತೆಗೆದ ಫಿಲಂಗಳ ಪ್ರತಿಗಳನ್ನು ಕೊಟ್ಟಿದ್ದರು. ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆಯ ಮೇಲೆ ಡಾಕ್ಟರು ಅವನ್ನು ಹರಡುತ್ತಿದ್ದರು. ಸಾಯುವ ನಕ್ಷತ್ರ ಊದಿಬಿಟ್ಟ ಅನಿಲದ ಉಂಡೆ, ಇನ್ನೂ ಯಾರ ಕಣ್ಣಿಗೂ ಬೀಳದ್ದು, ಎಲ್ಲಾದರೂ ಇದೆಯೇ ಎಂದು ಹುಡುಕುವುದು ಅವರ ಹುಚ್ಚು. ಆ ಫಿಲಮಿನಲ್ಲಿ ಆಕಾಶವೇ ಬೆಳ್ಳಗೆ, ನಕ್ಷತ್ರಗಳು ಚೆಲ್ಲಿದ ಸಾಸಿವೆಯಂತೆ ಕಪ್ಪು.

ಒಳಗಿನಿಂದ ಅವರ ಹೆಂಡತಿ ಕೂಗುತ್ತಿದ್ದರು: "ಉಣ್ಣಾಕ ಬರ್ರೀ, ನಕ್ಷತ್ರೇನು ಓಡಿ ಹೋಗಂಗಿಲ್ಲ!"

"ಅವು ಹೋಗಂಗಿಲ್ಲ, ನನ್ನ ಕಣ್ಣು ಹೊಂಟಾವು!"

ನಿಜವೇ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣನ್ನೂ ಉಳಿಸಲಾಗದೆಂದು ಬಳ್ಳಾರಿಯ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಒಂದಾದರೂ ಸಿಗಬೇಕೆಂಬ ಹಟ.

ಒಮ್ಮೆ ಸಿಕ್ಕಿತೆಂದು ಕುಣಿದಾಡಿ ಓಣಿಗೆಲ್ಲ ಪೇಡಾ ಹಂಚಿಸಿದರು. ಗೆಳೆಯರು ನೋಡಿದರೆ, ಅದು ಫಿಲಂ ತೊಳೆಯುವಾಗ ಬಿದ್ದ ಕಲೆ! "ಟಿ.ಬಿ. ಇಲ್ಲದವಗ ಟಿ.ಬಿ. ಅಂದಂಗಾತಲ್ರೀ ಸಿಸ್ಟರ್," ಎಂದು ಹಣೆ ಚಚ್ಚಿಕೊಂಡರು. ಮರುದಿನ ನೋಡಿದರೆ ಮತ್ತೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದಾರೆ. ಎಂಥ ಮೊಂಡ ಮನುಷ್ಯನಪ್ಪಾ!

ಕೊನೆಗೆ ಬಲಗಣ್ಣೂ ಕೈಕೊಟ್ಟಿತು. ಮಸೂರವನ್ನು ನನ್ನ ಕೈಗಿಟ್ಟರು.

"ನನಗೇನು ತಿಳಿತೈತ್ರಿ ಸರ್ ಇದು?"

"ಕಂಡಿದ್ದು ಹೇಳ್ರಿ, ಸಾಕು. ನನ್ನ ಸಮಾಧಾನಕ್ಕ ಇಲ್ಲದ್ದು ಹೇಳಬ್ಯಾಡ್ರಿ."

ವರ್ಷದ ಮೇಲಾಯಿತು. ಬೈದುಕೊಳ್ಳುತ್ತಲೇ ನೋಡುತ್ತಿದ್ದ ನನಗೂ ಹಟ ಹಿಡಿಯಿತು. ಒಂದು ಮಧ್ಯಾಹ್ನ ಫಿಲಮಿನ ಅಂಚಿನಲ್ಲಿ ಮಸುಕು ಮಸುಕಾಗಿ ಒಂದು ಬೂದು ಗುಂಡು ಕಂಡಿತು. ಡಾಕ್ಟರಿಗೆ ಹೇಳಿದೆ; ಅವರು ಗೆಳೆಯರಿಗೆ ಕಾಗದ ಬರೆಸಿದರು. ಈ ಸಲ ಯಾರಿಗೂ ಪೇಡಾ ಇಲ್ಲ. ವೀಕ್ಷಣಾಲಯದ ಆ ಗೆಳೆಯರು ಅದೇ ಜಾಗವನ್ನು ಇನ್ನೊಂದು ದಿನ ತೆಗೆದ ಫಿಲಂ ಹಿಡಿದು ತಾವೇ ಬಂದರು. ಅದರಲ್ಲೂ ಇದ್ದರೆ ಕಲೆಯಲ್ಲ.

ನೋಡಿದೆ. ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ ಇತ್ತು.

"ಐತ್ರಿ ಸರ್."

ಗೆಳೆಯರು ಮಸೂರಕ್ಕೆ ಕೈ ಚಾಚಿದರು. ಡಾಕ್ಟರು ಆ ಕೈಯನ್ನು ತಡವರಿಸಿ ಹಿಡಿದರು. "ನೀ ಆಮ್ಯಾಲೆ ನೋಡೋವಂತಿ. ಮೊದಲು ಬರಕೊ. ಕಂಡು ಹಿಡಿದಾಕಿ ಈಕಿ. ನನ್ನ ಹೆಸರು ಕೆಳಗ ಬರಲಿ."

ಮುಂದೆ ದೊಡ್ಡ ದೂರದರ್ಶಕದಲ್ಲೂ ಅದು ಕಂಡಿತು. ಡಾಕ್ಟರು ಅದನ್ನು ನೋಡದೆಯೇ ತೀರಿಕೊಂಡರು. ಆಮೇಲೆ ಎಷ್ಟೋ ಆಸ್ಪತ್ರೆಗಳಲ್ಲಿ ದುಡಿದೆ. ನರ್ಸಿನ ಬಾಯಿಮಾತೊಂದನ್ನೇ ನಂಬಿದ ಡಾಕ್ಟರನ್ನು ನಾನು ಮತ್ತೆ ಕಾಣಲಿಲ್ಲ.