ಕುಂಬಳಕಾಯಿಗೆ ಮೊದಲ ಏಟು

ಅಂತರಸಂತೆಯ ಆ ಬೀದಿಯಲ್ಲಿ ಗಂಡಸಿಲ್ಲದ ಮನೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೆಂಗಸೊಬ್ಬಳು ಇಡೀ ಕುಂಬಳಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಮನೆಯ ಜಗುಲಿಯ ಮುಂದೆ ನಿಂತರೆ ತಾನಾಗಿಯೇ ಗೊತ್ತಾಗುತ್ತಿತ್ತು. ಇಡೀ ಕುಂಬಳಕಾಯಿಗೆ ಹೆಂಗಸು ಮಚ್ಚು ಹಾಕಬಾರದು, ಮೊದಲ ಏಟು ಮನೆಯ ಗಂಡಸಿನದು. ಎರಡು ಹೋಳಾದ ಮೇಲೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಕೊನೆಗೆ ಪಾತ್ರೆ ಬೆಳಗುವುದು, ಅಷ್ಟೂ ಹೆಂಗಸಿನದು. ಯಾರು ಮಾಡಿದ ಕಟ್ಟಳೆಯೋ ಕಾಣೆ, ಮಾಡಿದವನು ಅಡುಗೆಮನೆಯ ಕಡೆ ತಲೆ ಹಾಕಿದವನಂತೂ ಅಲ್ಲ.

ಸಾಕಮ್ಮನಿಗೆ ಈ ಕಟ್ಟಳೆಯ ಮೇಲೆ ಚಿಕ್ಕಂದಿನಿಂದಲೂ ಸಿಟ್ಟು. ಅವಳ ತವರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಊರು. ಅವಳಿನ್ನೂ ಲಂಗ ಎಳೆದುಕೊಂಡು ಓಡಾಡುವಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ಕುಂಬಳಕಾಯಿ ಎತ್ತಿಕೊಂಡು ಹೊರಟರೆ ಇವಳೂ ಹಿಂದೆ ಹೋಗಬೇಕು, ಬರುವಾಗ ಒಂದು ಹೋಳು ಹೊರಲು. ಜಗುಲಿಯ ಮೇಲೆ ಕೂತ ದೊಡ್ಡಮನುಷ್ಯ ಬೀಡಿ ಸೇದಿ ಮುಗಿಸುವವರೆಗೂ ಏಳುತ್ತಿರಲಿಲ್ಲ. ಅವ್ವ ಸೆರಗು ಹೊದ್ದು, ನೆಲ ನೋಡುತ್ತಾ ನಿಂತಿರುತ್ತಿದ್ದಳು. ಮನೆಯಲ್ಲಿ ಮಕ್ಕಳನ್ನು ಗದರಿಸಿ ಗಡಗಡ ನಡುಗಿಸುವ ಅವ್ವ ಅಲ್ಲಿ ಹಾಗೆ ನಿಂತಿರುವುದನ್ನು ನೋಡಿದರೆ ಹುಡುಗಿಗೆ ಹೊಟ್ಟೆ ಉರಿಯುತ್ತಿತ್ತು.

ಆದರೆ ಅದೇ ಅವ್ವ ಕಲಿಸಿದ ಅಡುಗೆ ಅವಳ ಕೈ ಹಿಡಿಯಿತು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ, ಎಂದರೆ ಸೊಪ್ಪು ಕಟ್ಟಿ ಒಣಗಿಸುವ ಮನೆಯ, ಒಲೆ ಹಗಲಿರುಳು ಉರಿಯುತ್ತಲೇ ಇರಬೇಕು. ಸೌದೆ ಒಟ್ಟುವ ಹೆಂಗಸರು ಆ ಒಲೆಯ ಬಾಯಲ್ಲಿ ಸುಮ್ಮನೆ ಬೂದಿಯಾಗುವ ಕೆಂಡವನ್ನು ಬಿಡುತ್ತಿರಲಿಲ್ಲ. ಮಡಕೆಯ ತಳಕ್ಕೆ ಸಿಪ್ಪೆಸಮೇತ ಹೆಚ್ಚಿದ ಸಿಹಿಗುಂಬಳದ ದಪ್ಪ ಹೋಳು, ಅದರ ಮೇಲೆ ಬೆಂದ ಅಲಸಂದೆ ಕಾಳು, ಅದರ ಮೇಲೆ ತೆಂಗಿನಕಾಯಿ, ಬೆಳ್ಳುಳ್ಳಿ, ಹುರಿದ ಹುಚ್ಚೆಳ್ಳು ಹಾಕಿ ಒರಳಲ್ಲಿ ರುಬ್ಬಿದ ಖಾರ. ಮತ್ತೆ ಹೋಳು, ಮತ್ತೆ ಕಾಳು, ಮತ್ತೆ ಖಾರ. ಮೇಲೆ ಚೂರು ಬೆಲ್ಲ, ಹುಣಸೆರಸ. ಮುಚ್ಚಳ ಮುಚ್ಚಿ ಅಂಚಿಗೆ ರಾಗಿಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡ ಹಾಕಿಬಿಟ್ಟರೆ ಅದರ ಪಾಡಿಗೆ ಅದು ಬೇಯುತ್ತಿತ್ತು. ನೀರು ಒಂದು ಹನಿಯೂ ಬೇಡ, ಕುಂಬಳಕಾಯಿ ತನ್ನ ನೀರಲ್ಲೇ ಬೇಯುತ್ತದೆ. ಅದನ್ನು ಅವರು ಕೆಂಡದ ಕುಂಬಳ ಎನ್ನುತ್ತಿದ್ದರು.

ಸಾಕಮ್ಮ ಮದುವೆಯಾಗಿ ಅಂತರಸಂತೆಗೆ ಬಂದ ಹೊಸದರಲ್ಲಿ ಇದನ್ನು ಮಾಡಿ ಬಡಿಸಿದಾಗ ಗಂಡ ಕೆಂಪಯ್ಯ ಮುದ್ದೆಯ ಮೇಲೆ ಮುದ್ದೆ ನುಂಗಿ, ಮಡಕೆ ಬಗ್ಗಿಸಿ ನೋಡಿದ್ದ. ಅವನು ಗಟ್ಟಿ ಆಳು, ಬಾಯಿ ಅದಕ್ಕಿಂತ ಗಟ್ಟಿ. ಅವನು ಹೊಲದಲ್ಲಿ ಮಾತಾಡಿದರೆ ಊರಿಗೆ ಕೇಳುತ್ತದೆ ಎಂದು ಜನ ನಗುತ್ತಿದ್ದರು. ಅವ್ವ ಕುಂಬಳಕಾಯಿ ಹೊತ್ತು ಪರರ ಜಗುಲಿಯ ಮುಂದೆ ನಿಲ್ಲುತ್ತಿದ್ದ ಕತೆಯನ್ನು ಸಾಕಮ್ಮ ಒಂದು ದಿನ ಅವನ ಮುಂದೆ ಹೇಳಿಕೊಂಡು ಅತ್ತಳು. ಅವನು ನಗಲಿಲ್ಲ.

"ನಾನಿರೋಗಂಟ ನೀನು ಯಾವನ್ ಜಗ್ಲಿ ಮುಂದ್ಕೂ ಹೋಗಂಗಿಲ್ಲ ಕಣೇ ಸಾಕಿ," ಎಂದ.

ಆಮೇಲೆ ಅದೊಂದು ಹಬ್ಬವೇ ಆಗಿಹೋಯಿತು. ಅಟ್ಟದಿಂದ ಕುಂಬಳಕಾಯಿ ಇಳಿದರೆ ಕೆಂಪಯ್ಯ ಎಲ್ಲಿದ್ದರೂ ಬರಬೇಕು. ಅಂಗಳದ ಕಲ್ಲಿನ ಮೇಲೆ ಇಟ್ಟು, ಮಚ್ಚಿನ ಅಲಗಿಗೆ ಹೆಬ್ಬೆರಳು ಸವರಿ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದಾರೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ, ಒಂದೇ ಏಟು. ಧಡ್ ಎಂದು ಎರಡು ಹೋಳು. ಮಗಳು ಸ್ಪಂದನಾ ಚಿಕ್ಕವಳಿದ್ದಾಗ ಚಪ್ಪಾಳೆ ತಟ್ಟುತ್ತಿದ್ದಳು. ಬೀದಿಯ ಇಬ್ಬರು ಮೂವರು ವಿಧವೆಯರು ತಮ್ಮ ಕಾಯಿಗಳನ್ನೂ ಅವನ ಹತ್ತಿರವೇ ತರುತ್ತಿದ್ದರು. ಅವರನ್ನು ಅವನು ಒಂದು ಗಳಿಗೆಯೂ ನಿಲ್ಲಿಸುತ್ತಿರಲಿಲ್ಲ, ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಎದ್ದು ಬರುತ್ತಿದ್ದ. ಗಂಡನ ಮೇಲೆ ಸಾಕಮ್ಮನಿಗೆ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ಹಾಗೆಲ್ಲ ಅವಳನ್ನು ಕೇಳುವವರು ಯಾರೂ ಇರಲಿಲ್ಲ ಅನ್ನಿ, ಕೇಳಿದ್ದರೆ ಅವಳು ಇದನ್ನೇ ಹೇಳುತ್ತಿದ್ದಳು.

ಅಂಥ ಕೆಂಪಯ್ಯನಿಗೆ ಹೋದ ಮಳೆಗಾಲದಲ್ಲಿ ಲಕ್ವ ಹೊಡೆಯಿತು. ಗದ್ದೆಯ ಬದುವಿನ ಮೇಲೆ ನಡೆದುಕೊಂಡು ಬರುತ್ತಿದ್ದವನು ಹಾಗೇ ಕುಸಿದ. ಬಲಗೈ, ಬಲಗಾಲು ಸತ್ತವು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಒಳಗಿನ ಕೋಣೆಯ ಮಂಚದ ಮೇಲೆ ಮಲಗಿದ್ದು ಅವನೇ ಹೌದೋ ಅಲ್ಲವೋ ಎಂದು ನೋಡಲು ಬಂದವರು ಬಾಗಿಲಲ್ಲೇ ತಡೆದು ನಿಲ್ಲುತ್ತಿದ್ದರು. ಮಾತು ತೊದಲು. ಒಂದು ಪದ ಹೊರಡಿಸಲು ಮುಖವೆಲ್ಲ ಕೆಂಪಾಗುತ್ತಿತ್ತು.

ಕೈಕಾಲು ಹೋದದ್ದನ್ನು ಸಾಕಮ್ಮ ಹೇಗೋ ತಡೆದುಕೊಂಡಳು. ಅವನು ಊಟ ಬಿಟ್ಟದ್ದನ್ನು ತಡೆಯಲು ಆಗಲಿಲ್ಲ. ನುಂಗಲು ಬರುತ್ತದೆ, ಡಾಕ್ಟರೇ ಹೇಳಿದ್ದರು. ಅವನು ನುಂಗುತ್ತಿರಲಿಲ್ಲ. ಗಂಜಿಯ ಚಮಚ ತುಟಿಗೆ ತಾಗಿದರೆ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಬಲವಂತ ಮಾಡಿದರೆ ಉಗುಳುತ್ತಿದ್ದ. ಎಲುಬು ಎದ್ದು ಕಾಣತೊಡಗಿತು. ಮುಂದಿನ ಸಲ ಕರೆತಂದಾಗಲೂ ಹೀಗೇ ಇದ್ದರೆ ಮೂಗಿನಿಂದ ನಳಿಗೆ ಇಳಿಸಬೇಕಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮುದುಕನಿಗೆ ಹಾಗೆ ನಳಿಗೆ ಹಾಕಿ, ಅದನ್ನು ಕಿತ್ತುಕೊಳ್ಳದ ಹಾಗೆ ಕೈಯನ್ನು ಮಂಚಕ್ಕೆ ಕಟ್ಟಿದ್ದನ್ನು ಸಾಕಮ್ಮ ಕಣ್ಣಾರೆ ನೋಡಿದ್ದಳು. ನನ್ನ ಗಂಡನಿಗೆ ಆ ಗತಿ ಬರಬಾರದು, ಹೇಗಾದರೂ ಮಾಡಿ ಅವನು ಬಾಯಲ್ಲಿ ಉಣ್ಣಬೇಕು. ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ.

ಹಾಗಿರುವಾಗ ಒಂದು ಸಂಜೆ ಅವನು ತಾನಾಗಿಯೇ ಬಾಯಿ ಬಿಟ್ಟ.

"ಕುಂ...ಬಳ," ಎಂದ. ಮತ್ತೆ ಅಟ್ಟದ ಕಡೆ ಕಣ್ಣು ಎತ್ತಿ, "ಕುಂಬಳ."

ಸಾಕಮ್ಮನಿಗೆ ಕುಣಿಯುವಷ್ಟು ಸಂತೋಷವಾಯಿತು. ಅಡುಗೆಮನೆಗೆ ಓಡಿ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆಳಗಾಗುತ್ತಲೇ ಅಟ್ಟದಿಂದ ಕಾಯಿ ಇಳಿಸಿದಳು. ಇಳಿಸಿದ ಮೇಲೆ ಕೈ ಅಲ್ಲೇ ನಿಂತಿತು. ಒಡೆಯುವವರು ಯಾರು?

ತಾಲ್ಲೂಕು ಊರಾದ ಕೋಟೆಯ ಕಾಲೇಜಿಗೆ ಹೊರಟು ಜಡೆ ಹಾಕಿಕೊಳ್ಳುತ್ತಿದ್ದ ಸ್ಪಂದನಾ ಅವ್ವನನ್ನು ನೋಡಿ, "ತತ್ತಾ ಇಲ್ಲಿ, ನಾನೇ ಕುಯ್ತೀನಿ. ಅದೇನ್ ಕುರಿಯಾ, ಕೋಳಿಯಾ?" ಎಂದಳು.

"ಬಾಯ್ ಮುಚ್ಚು! ಅಪ್ಪ ಬದ್ಕಿರೋವಾಗ ಮಚ್ ಎತ್ತಿಯಾ?" ಎಂದು ಸಾಕಮ್ಮ ಸಿಡಿದಳು. ಹುಡುಗಿ ಮುಖ ಊದಿಸಿಕೊಂಡು ಬಸ್ಸಿಗೆ ಹೋದಳು.

ಅವನ ಮುಂದೆ ಕಾಯಿ ಇಟ್ಟು, ನೀವೇ ಒಡೀರಿ ಎನ್ನುವುದೇ? ಚಮಚ ಹಿಡಿಯಲಾಗದವನಿಗೆ ಮಚ್ಚು ಕೊಟ್ಟು ಅವಮಾನ ಮಾಡುವುದೇ? ಸಾಕಮ್ಮನಿಗೆ ಮನಸ್ಸು ಬರಲಿಲ್ಲ. ಕಾಯಿಯನ್ನು ಗೋಣಿಚೀಲಕ್ಕೆ ಹಾಕಿದಳು. ಜಗುಲಿಗೆ ಹೋಗಲಿಲ್ಲ, ಬೀದಿಗೆ ಕಾಣದ ಹಾಗೆ ಹಿತ್ತಲ ದಾರಿ ಹಿಡಿದು ಪಕ್ಕದ ಮನೆಯ ಕಂಠಪ್ಪ ಹುಲ್ಲು ಕುಯ್ಯುತ್ತಿದ್ದ ಹೊಲಕ್ಕೆ ಹೋದಳು. ಚೀಲದೊಳಗಿನ ಕಾಯಿ ನೋಡಿ ಕಂಠಪ್ಪ ಹಿಂದೆ ಸರಿದ.

"ಕೆಂಪಣ್ಣ ಇರೋವಾಗ ನಾನ್ಯಾಕಕ್ಕ?"

"ಅವ್ರ ಕೈಲಿ ಆಗ್ದು ಕಣಪ್ಪ. ಕೇಳುದ್ರೆ ನೊಂದ್ಕತಾರೆ. ಅವ್ರು ಒಂದ್ ತುತ್ತು ಉಂಡ್ರೆ ಸಾಕು ನಂಗೆ. ಯಾರ್ಗೂ ಹೇಳ್ಬ್ಯಾಡ."

ಕಂಠಪ್ಪ ಬೇರೆ ಕಡೆ ಮುಖ ಮಾಡಿಕೊಂಡೇ ಒಡೆದ. ಚೀಲ ಎತ್ತಿಕೊಂಡು ವಾಪಸು ಬರುವಾಗ ಸಾಕಮ್ಮನಿಗೆ ತನ್ನ ಅವ್ವನ ನೆನಪಾಯಿತು. ತಾನೂ ನೆಲ ನೋಡುತ್ತಲೇ ನಿಂತಿದ್ದೆ ಎಂದು ಆಗ ಹೊಳೆಯಿತು. ಆದರೂ ಹೆಜ್ಜೆ ಬೇಗ ಬೇಗ ಹಾಕಿದಳು.

ಆವತ್ತಿನ ಅಡುಗೆಗೆ ಅವಳು ಜೀವ ತೇಯ್ದಳು ಎಂದರೆ ಸುಳ್ಳಲ್ಲ. ಮಿಕ್ಸಿ ಬಿಟ್ಟು ಒರಳಿಗೇ ಕೂತಳು. ಹುಚ್ಚೆಳ್ಳು ಸೀಯದ ಹಾಗೆ ಹುರಿದಳು, ಖಾರ ಅರ್ಧಕ್ಕೆ ಇಳಿಸಿದಳು, ನುಂಗಲು ಸುಲಭವಾಗಲೆಂದು ಸಿಪ್ಪೆ ತೆಗೆದಳು. ಹಿತ್ತಲ ಸೌದೆ ಒಲೆಯ ಕೆಂಡ ಬಾಚಿ ಮಡಕೆಯ ಮೇಲೆ ಹಾಕಿ, ಆರಿದ ಕೆಂಡ ತೆಗೆದು ಹೊಸದು ಹಾಕುತ್ತಾ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಮುಚ್ಚಳದ ರಾಗಿಹಿಟ್ಟು ಬಿರಿದಾಗ ಬೆಲ್ಲ, ಹುಣಸೆ, ಬೆಳ್ಳುಳ್ಳಿ ಎಲ್ಲ ಬೆರೆತ ಘಮ ಮನೆ ತುಂಬಿತು. ಎಷ್ಟೋ ದಿನದಿಂದ ಡೆಟಾಲಿನ ವಾಸನೆ ಹಿಡಿದಿದ್ದ ಕೋಣೆಗೂ ಅದು ನುಗ್ಗಿತು.

ತಟ್ಟೆ ಹಿಡಿದು ಹೋದಾಗ ಕೆಂಪಯ್ಯ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದ. ಮೂಗು ಅರಳಿತು. ಹೋಳನ್ನು ಮಿದ್ದು ಚಮಚದಲ್ಲಿ ತುಟಿಯ ಹತ್ತಿರ ತಂದಳು. ಬಾಯಿ ತೆರೆಯಲು ಹೋದವನು ಹಾಗೇ ತಡೆದ. ತಟ್ಟೆ ನೋಡಿದ, ಅವಳ ಮುಖ ನೋಡಿದ.

"ಯಾ...ರು?" ಎಂದ.

"ಏನು ಯಾರು? ಉಣ್ಣಿ, ಆರೋಯ್ತದೆ."

"ಯಾ...ರು... ಒಡುದ್ದು?"

ಇಡೀ ಬೆಳಗ್ಗೆ ಅವನು ಅಂಗಳದ ಕಡೆ ಕಿವಿ ಕೊಟ್ಟು ಕಾದಿದ್ದ. ಮಚ್ಚಿನ ಸದ್ದೇ ಆಗದೆ ಅಡುಗೆಯ ಘಮ ಬಂದಿತ್ತು. ಸುಳ್ಳು ಹೇಳಲು ಸಾಕಮ್ಮನಿಗೆ ನಾಲಿಗೆ ಹೊರಳಲಿಲ್ಲ. ಕಂಠಪ್ಪನ ಹೆಸರು ಕೇಳುತ್ತಲೇ ಕೆಂಪಯ್ಯ ಬಾಯಿ ಮುಚ್ಚಿದ. ಆ ದಿನ ಅದು ನೀರಿಗೂ ತೆರೆಯಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ತಟ್ಟೆಯನ್ನು ಎಡಗೈಯಲ್ಲಿ ತಳ್ಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಗೋಡೆಯ ಕಡೆ ತಿರುಗಿ ಮಲಗಿದ, ಅಷ್ಟೆ.

ಸಂಜೆ ಕಾಲೇಜಿನಿಂದ ಬಂದ ಸ್ಪಂದನಾ ವಿಷಯ ತಿಳಿದು ಚೀಲ ಕೂಡ ಇಳಿಸದೆ ನಿಂತುಬಿಟ್ಟಳು.

"ಅವ್ವ, ನಿನ್ನೆ ಅಪ್ಪ ನನ್ತಾವ ಮಚ್ಚು ಕೇಳ್ತು ಕಣವ್ವ. ಎಡಗೈಲಿ ಹಿಂಗೆ ಹಿಂಗೆ ಮಾಡಿ ತೋರುಸ್ತು. ತಲೆ ನೆಟ್ಟಗಿಲ್ಲ ಅನ್ಕಂಡು ನಾನು ಕೊಡ್ಲಿಲ್ಲ. ನಿಂಗೂ ಹೇಳ್ಲಿಲ್ಲ."

ಸಾಕಮ್ಮ ಅಲ್ಲೇ ಕುಸಿದು ಕೂತಳು. ಅವನಿಗೆ ಬೇಕಾಗಿದ್ದುದು ಊಟವಲ್ಲ, ಆ ಒಂದು ಏಟು. ತಾನಿನ್ನೂ ಈ ಮನೆಯಲ್ಲಿ ಇದ್ದೇನೆ ಎಂದು ತೋರಿಸಿಕೊಳ್ಳಲು ಅವನಿಗೆ ಉಳಿದಿದ್ದ ಒಂದೇ ಕೆಲಸವನ್ನು ಅವಳು ಗೋಣಿಚೀಲದಲ್ಲಿ ಕದ್ದು ಒಯ್ದು ಇನ್ನೊಬ್ಬನ ಕೈಗೆ ಕೊಟ್ಟಿದ್ದಳು. ನೋಯಿಸಬಾರದೆಂದು ಮಾಡಿದ್ದು! ತನ್ನ ಕೈಯನ್ನು ತಾನೇ ಕಡಿದುಕೊಳ್ಳಬೇಕು ಎನ್ನುವಷ್ಟು ಸಂಕಟವಾಯಿತು ಅವಳಿಗೆ.

ಅಟ್ಟದಲ್ಲಿ ಇನ್ನೊಂದು ಕಾಯಿ ಇತ್ತು. ಮರುದಿನ ಬೆಳಿಗ್ಗೆ ತಾಯಿ ಮಗಳು ಸೇರಿ ಕೆಂಪಯ್ಯನನ್ನು ಎತ್ತಿ ತಂದು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಕಲ್ಲನ್ನು ಅವನ ಕೈಗೆ ಎಟುಕುವ ಹಾಗೆ ಸರಿಸಿ, ಕಾಯಿ ಇಟ್ಟು, ಸಾಕಮ್ಮ ಮಚ್ಚನ್ನು ಅವನ ಎಡಗೈಗೆ ಕೊಟ್ಟಳು.

"ತಪ್ಪಾಯ್ತು ಕಣ್ರೀ. ನೀವೇ ಒಡೀರಿ," ಎಂದಳು.

ಅವನ ಕಣ್ಣಲ್ಲಿ ಬೆಳಕು ಬಂತು. ಬಂದದ್ದು ನಿಜ, ಸ್ಪಂದನಾ ಕೂಡ ನೋಡಿದಳು. ಮೈಯೆಲ್ಲ ಬಿಗಿ ಹಿಡಿದು ಮಚ್ಚು ಎತ್ತಿದ. ಏಟು ಸಿಪ್ಪೆಯ ಮೇಲೆ ಜಾರಿತು, ಕಾಯಿ ಉರುಳಿ ಅಂಗಳದ ಮಣ್ಣಿಗೆ ಬಿತ್ತು. ಸಾಕಮ್ಮ ತಂದು ಇಟ್ಟಳು. ಮತ್ತೆ ಎತ್ತಿದ. ಕಾಯಿಯ ಮೇಲೆ ಒಂದು ಗೀರು ಬಿತ್ತು, ಅಷ್ಟೆ. ಅವಳು ಅವನ ಮಣಿಕಟ್ಟನ್ನು ಆತುಕೊಳ್ಳಲು ಕೈ ಚಾಚಿದಳು, ಅವನು ತಲೆಯಾಡಿಸಿದ. ಇನ್ನೊಂದು ಸಲ ಎತ್ತಲು ಹೋದಾಗ ಮಚ್ಚು ತೊಡೆಯವರೆಗೂ ಏಳಲಿಲ್ಲ. ಬೆರಳು ಒಂದೊಂದಾಗಿ ಬಿಟ್ಟುಕೊಂಡು ಅದು ಕೆಳಗೆ ಬಿತ್ತು. ಬೀದಿಯಲ್ಲಿ ಹಾಲಿನ ಡೈರಿಗೆ ಹೊರಟಿದ್ದವರು ನಿಂತು ನೋಡಿ, ನೋಡದವರಂತೆ ಮುಂದೆ ಹೋದರು.

ಸಾಕಮ್ಮ ಕಾಯಿಗೆ ಮೆತ್ತಿದ ಮಣ್ಣನ್ನು ಸೆರಗಿನಲ್ಲಿ ಒರೆಸಿದಳು.

"ನೀನೇ... ಒಡಿ," ಎಂದ ಕೆಂಪಯ್ಯ.

"ಬ್ಯಾಡ ಕಣ್ರೀ. ನಾಳೆ ನೋಡಾನ. ಕೈಗೆ ಇನ್ನೊಸಿ ಶಕ್ತಿ ಬರ್ಲಿ."

"ನೀನೇ."

ತೊದಲಿಲ್ಲದೆ ಬಂದ ಮಾತು ಅದೊಂದೇ. ಅದನ್ನು ಮೀರಲು ಅವಳಿಗೆ ಧೈರ್ಯ ಬರಲಿಲ್ಲ. ಸಾಕಮ್ಮ ಮಚ್ಚು ಎತ್ತಿಕೊಂಡಳು. ಕಣ್ಣು ಮುಚ್ಚಿ ಹಾಕಿದ ಏಟಿಗೆ ಕಾಯಿ ಒಂದೇ ಸಲಕ್ಕೆ ಎರಡಾಯಿತು. ಅಷ್ಟು ಸಲೀಸಾಗಿ ಒಡೆಯಬಾರದಿತ್ತು ಎಂದು ಅವಳಿಗೆ ಅನಿಸಿತು. ಕೈಯಲ್ಲಿ ಕಸುವಿದ್ದುದಕ್ಕೆ ನಾಚಿಕೆಯಾಯಿತು. ಗಂಡ ಎದುರಿಗೆ ಉಸಿರಾಡುತ್ತಾ ಕೂತಿದ್ದ, ಅವಳ ಒಡಲೊಳಗೆ ಮಾತ್ರ ಯಾರೋ ಬಳೆ ಒಡೆದ ಹಾಗಾಯಿತು.

ಮಧ್ಯಾಹ್ನ ಕೆಂಡದ ಕುಂಬಳವನ್ನು ಅವನು ಉಂಡ. ಚಮಚ ಬರುವ ಮೊದಲೇ ಬಾಯಿ ತೆರೆಯುತ್ತಿದ್ದ, ಹಾಕಿದ್ದನ್ನು ನುಂಗುತ್ತಿದ್ದ, ಮತ್ತೆ ತೆರೆಯುತ್ತಿದ್ದ. ಬಿಸಿ ಇದೆಯೋ ಆರಿದೆಯೋ ಎಂಬುದೂ ಇಲ್ಲ. ನಡುವೆ ಅವಳು ಬೇಕೆಂದೇ ಬರೀ ಗಂಜಿಯ ಚಮಚ ಹಿಡಿದಳು. ಹಲ್ಲು ಕಚ್ಚಲಿಲ್ಲ, ಉಗುಳಲಿಲ್ಲ, ಅದನ್ನೂ ನುಂಗಿದ. ಕಣ್ಣು ಎಲ್ಲಿಯೂ ನೆಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸ್ಪಂದನಾ ಅವ್ವನ ಹಿಂದೆಯೇ ಅಡುಗೆಮನೆಗೆ ಓಡಿ ಬಂದಳು.

"ಅಷ್ಟೂನೂ ಉಂಡ್ಬುಡ್ತು ಕಣವ್ವ! ಇನ್ನು ಮೂಗಿಗೆ ನಳ್ಗೆ ಬ್ಯಾಡ ಅಂತಾರೆ ಡಾಕ್ಟ್ರು. ನೋಡ್ತಿರು. ಯಾಕವ್ವ, ಯಾಕಳ್ತಿದ್ದೀಯಾ?"

"ಒಂದ್ಸಲನಾರ ಬ್ಯಾಡ ಅನ್ಬೇಕಿತ್ತು ಕಣವ್ವ ನಿಮ್ಮಪ್ಪ," ಎಂದಳು ಸಾಕಮ್ಮ.

ಹುಡುಗಿಗೆ ಅದು ಅರ್ಥವಾಗಲಿಲ್ಲ. ಬರಿದಾದ ತಟ್ಟೆಯನ್ನು ಅವ್ವನ ಕೈಯಿಂದ ತೆಗೆದುಕೊಂಡು ತೊಳೆಯಲು ಹಿತ್ತಲಿಗೆ ಹೋದಳು.